ಬೇಗಂಪೇಟೆಯ ಗಾಜಿನ ಫಲಕಗಳು

ಸೂರ್ಯನ ಸೆಳೆತದಿಂದ ಬಿಡಿಸಿಕೊಂಡು ಮರಳಿ ಬಾರದ ಹಾದಿ ಹಿಡಿದ ಶೋಧನೌಕೆಗಳಲ್ಲಿ ಹೆಸರಾದವು ಐದು: ಪಯೊನೀರ್ 10, ಪಯೊನೀರ್ 11, ವಾಯೇಜರ್ 1, ವಾಯೇಜರ್ 2 ಮತ್ತು ನ್ಯೂ ಹೊರೈಜನ್ಸ್. ಇವು ಯಾವ ದಿಕ್ಕಿಗೆ ಸಾಗುತ್ತವೆ ಎಂದು ಲೆಕ್ಕ ಹಾಕುವುದು ಅಷ್ಟೇನೂ ಕಷ್ಟವಲ್ಲ. ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಓಡುತ್ತಿರುವ ವಾಯೇಜರ್ 1ರ ದಾರಿ ತಪ್ಪಿಸುವಂಥದ್ದು ಮುಂದೆ ಬಹುದೂರದವರೆಗೆ ಏನೂ ಇಲ್ಲ. ಆದರೆ ಅದು ಯಾವ ನಕ್ಷತ್ರದ ಬಳಿ ಹಾದುಹೋಗುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ. ನೌಕೆ ಅಲ್ಲಿಗೆ ಹೋಗುವ ಹೊತ್ತಿಗೆ ನಕ್ಷತ್ರವೂ ಜಾಗ ಬದಲಿಸಿರುತ್ತದೆ. ಆ ಚಲನೆ ಆಕಾಶದಲ್ಲಿ ಕೂದಲೆಳೆಯಷ್ಟು. ಅದನ್ನು ಅಳೆಯಲು ಬಹಳ ಹಿಂದೆ ಯಾರಾದರೂ ನಕ್ಷತ್ರದ ಸ್ಥಾನವನ್ನು ಎಚ್ಚರದಿಂದ ಬರೆದಿಟ್ಟಿರಬೇಕು. ಆಕಾಶದ ಒಂದು ಪಟ್ಟಿಗೆ ಸಂಬಂಧಿಸಿ ಆ ಬರವಣಿಗೆ ನಡೆದದ್ದು ಹೈದರಾಬಾದಿನಲ್ಲಿ.

ನಿಜಾಮಿಯಾ ವೀಕ್ಷಣಾಲಯ ಹುಟ್ಟಿದ್ದು 1901ರಲ್ಲಿ, ಸಂಸ್ಥಾನದ ಶ್ರೀಮಂತ ನವಾಬ್ ಜಫರ್ ಜಂಗ್ ಅವರ ಸ್ವಂತ ಖರ್ಚಿನಲ್ಲಿ. ಫಿಸಲ್‌ಬಂಡಾದ ತಮ್ಮ ಜಮೀನಿನಲ್ಲಿ ಅದನ್ನು ಕಟ್ಟಿಸಿ, ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಅವರ ಅನುಮತಿ ಪಡೆದು ಈ ಹೆಸರಿಟ್ಟರು. ಅವರು ತರಿಸಿದ ದೂರದರ್ಶಕಗಳಲ್ಲಿ 15 ಇಂಚಿನ ಗ್ರಬ್ ದೊಡ್ಡದು. ಆದರೆ ಚರಿತ್ರೆಯಲ್ಲಿ ಉಳಿದ ಕೆಲಸ ಮಾಡಿದ್ದು ಚಿಕ್ಕದು, ಛಾಯಾಚಿತ್ರ ತೆಗೆಯುವ 8 ಇಂಚಿನ ಕುಕ್ ದೂರದರ್ಶಕ. 1907ರಲ್ಲಿ ನವಾಬರು ತೀರಿಕೊಂಡರು. ಮರುವರ್ಷ ಸರ್ಕಾರ ವೀಕ್ಷಣಾಲಯವನ್ನು ವಹಿಸಿಕೊಂಡಿತು. ಮೊದಲ ನಿರ್ದೇಶಕ ಆರ್ಥರ್ ಚಾಟ್‌ವುಡ್ ಕಾಲದಲ್ಲಿ ಅದು ಬೇಗಂಪೇಟೆಗೆ ಸ್ಥಳಾಂತರವಾಯಿತು. ಕಲಬುರಗಿ, ಬೀದರ್, ರಾಯಚೂರುಗಳೂ ಆಗ ಇದೇ ಸಂಸ್ಥಾನದಲ್ಲಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಇದು ಕನ್ನಡ ಜಿಲ್ಲೆಗಳಿಗೂ ಸೇರಿದ ಪರಂಪರೆ.

1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ್ದ ಖಗೋಳಜ್ಞರು ಇಡೀ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಸೆರೆಹಿಡಿಯಲು ಒಪ್ಪಿ, ಜಗತ್ತಿನ ವೀಕ್ಷಣಾಲಯಗಳಿಗೆ ಒಂದೊಂದು ಪಟ್ಟಿಯನ್ನು ಹಂಚಿದ್ದರು. ಚಿಲಿಯ ಸ್ಯಾಂಟಿಯಾಗೊಗೆ ಕೊಟ್ಟಿದ್ದ ಪಟ್ಟಿ, ಖಗೋಳ ಸಮಭಾಜಕದಿಂದ ದಕ್ಷಿಣಕ್ಕೆ 17ರಿಂದ 23 ಡಿಗ್ರಿಯವರೆಗಿನದು, ಕೊನೆಗೆ ಹೈದರಾಬಾದಿನ ಪಾಲಾಯಿತು. 1914ರಲ್ಲಿ ಬಂದ ರಾಬರ್ಟ್ ಪೊಕಾಕ್ ಕೆಲಸಕ್ಕೆ ವೇಗ ತಂದು 1918ರಲ್ಲಿ ನಿಧನರಾದರು. ನಂತರದ ಭಾರ ಹೊತ್ತವರು ಟಿ.ಪಿ. ಭಾಸ್ಕರನ್. 1919ರಲ್ಲಿ ವೀಕ್ಷಣಾಲಯ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. ದಕ್ಷಿಣದ ಪಟ್ಟಿ ಮುಗಿದ ಮೇಲೆ, ಜರ್ಮನಿಯ ಪಾಟ್ಸ್‌ಡ್ಯಾಮ್ ಪೂರ್ತಿ ಮಾಡಲಾಗದ ಉತ್ತರದ ಪಾಲಿನಿಂದ 36ರಿಂದ 39 ಡಿಗ್ರಿಯ ಭಾಗವನ್ನೂ ಹೈದರಾಬಾದ್ ಕೈಗೆತ್ತಿಕೊಂಡಿತು.

ಕೆಲಸ ತಾಳ್ಮೆ ಬೇಡುವಂಥದ್ದು. ಬರಿಗಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತ ನೂರು ಪಟ್ಟು ಮಂದವಾದವುಗಳ ತನಕ ಒಂದೊಂದು ಚುಕ್ಕೆಯನ್ನೂ ಚೌಕುಳಿ ಗೆರೆಗಳ ಆಧಾರದಿಂದ ಸೂಕ್ಷ್ಮದರ್ಶಕದಲ್ಲಿ ಅಳೆದು, ಅಂಕಿಗಳನ್ನು ಅಚ್ಚು ಹಾಕಿಸಬೇಕು. ಹೀಗೆ ಲಕ್ಷಗಟ್ಟಲೆ ನಕ್ಷತ್ರಗಳ ಸ್ಥಾನ ಸಂಪುಟಗಳನ್ನು ಸೇರಿತು. ಅಳೆದವರ ಆಯುಷ್ಯದಲ್ಲಿ ಅದರ ಪೂರ್ಣ ಫಲ ಸಿಗುವಂತಿರಲಿಲ್ಲ. ಎರಡನೇ ಅಳತೆ ದಶಕಗಳ ನಂತರ ನಡೆಯಬೇಕಿತ್ತು. ಸಂಪುಟಗಳು ಬಹುಕಾಲ ಬಳಕೆಯಿಲ್ಲದೆ ಕುಳಿತದ್ದರಿಂದ ಇಡೀ ಯೋಜನೆಯೇ ವ್ಯರ್ಥ ಎಂದವರೂ ಇದ್ದರು. ಆ ಮಾತು ಸುಳ್ಳಾಯಿತು. ಹಿಪ್ಪಾರ್ಕಸ್ ಉಪಗ್ರಹ 1989ರಿಂದ 1993ರವರೆಗೆ ನಕ್ಷತ್ರಗಳ ಸ್ಥಾನವನ್ನು ಹೊಸದಾಗಿ ಅಳೆಯಿತು. ಅದರ ಜೊತೆಗೆ ಹೈದರಾಬಾದ್ ಸೇರಿ ಎಲ್ಲ ವೀಕ್ಷಣಾಲಯಗಳ ಹಳೆಯ ಅಂಕಿಗಳನ್ನು ಹೋಲಿಸಿ, 2000ದಲ್ಲಿ ಟೈಕೊ-2 ಪಟ್ಟಿ ಸಿದ್ಧವಾಯಿತು. ಸುಮಾರು 25 ಲಕ್ಷ ನಕ್ಷತ್ರಗಳ ಚಲನೆ ಒಮ್ಮೆಲೇ ತಿಳಿಯಿತು.

ನೌಕೆಗಳ ಭವಿಷ್ಯದಲ್ಲಿ ಈ ಯೋಜನೆಯ ಗುರುತು ಅಲ್ಲಲ್ಲಿ ಸಿಗುತ್ತದೆ. ಸುಮಾರು 40 ಸಾವಿರ ವರ್ಷಗಳ ನಂತರ ವಾಯೇಜರ್ 1ರಿಂದ 1.6 ಜ್ಯೋತಿರ್ವರ್ಷ ದೂರದಲ್ಲಿರುವ ಗ್ಲೀಸ 445 ನಕ್ಷತ್ರದ ಹಳೆಯ ಹೆಸರು ಎಸಿ +79 3888. ಇಲ್ಲಿನ ‘ಎಸಿ’ ಈ ಛಾಯಾಚಿತ್ರ ಯೋಜನೆಯ ನಕ್ಷತ್ರ ಪಟ್ಟಿಯ ಸಂಕ್ಷಿಪ್ತ ಹೆಸರು; ಆ ಭಾಗವನ್ನು ಅಳೆದದ್ದು ಗ್ರೀನಿಚ್. ಹೈದರಾಬಾದಿನ ಪಟ್ಟಿಗೂ ಒಂದು ನೌಕೆ ಉಂಟು. ನ್ಯೂ ಹೊರೈಜನ್ಸ್ 2015ರ ಜುಲೈಯಲ್ಲಿ ಪ್ಲೂಟೊ ಬಳಿ ಹಾಯುವಾಗ ಪ್ಲೂಟೊ ಧನು ರಾಶಿಯಲ್ಲಿ, ಸಮಭಾಜಕದಿಂದ ದಕ್ಷಿಣಕ್ಕೆ 20 ಡಿಗ್ರಿಗಿಂತ ತುಸು ಆಚೆ ಇತ್ತು. ಭಾಸ್ಕರನ್ ಅವರ ತಂಡ ಅಳೆದದ್ದು ಇದೇ ಪಟ್ಟಿಯ ನಕ್ಷತ್ರಗಳನ್ನು.

2013ರಲ್ಲಿ ಹಾರಿದ ಗಾಯಾ ಉಪಗ್ರಹ ಹಳೆಯ ಫಲಕಗಳ ನೆರವಿಲ್ಲದೆಯೇ ನಕ್ಷತ್ರಗಳ ಚಲನೆಯನ್ನು ಕೆಲವೇ ವರ್ಷಗಳಲ್ಲಿ ಅಳೆಯಿತು. ಅದರ ಅಂಕಿಗಳಿಂದ ಕೋರಿನ್ ಬೇಲರ್-ಜೋನ್ಸ್ ಮತ್ತು ಡಾವಿಡೆ ಫಾರ್ನೋಕಿಯಾ 2019ರಲ್ಲಿ ನಾಲ್ಕು ನೌಕೆಗಳ ದಾರಿಯನ್ನು ಮತ್ತೆ ಲೆಕ್ಕ ಹಾಕಿದರು. ಅದರಂತೆ ಪಯೊನೀರ್ 10 ಸುಮಾರು 90 ಸಾವಿರ ವರ್ಷಗಳ ನಂತರ ಒಂದು ನಕ್ಷತ್ರಕ್ಕೆ ಮುಕ್ಕಾಲು ಜ್ಯೋತಿರ್ವರ್ಷದಷ್ಟು ಹತ್ತಿರ ಹೋಗುತ್ತದೆ. ವಾಯೇಜರ್ 1ರ ಅತಿ ಸಮೀಪದ ಭೇಟಿ ಮೂರು ಲಕ್ಷ ವರ್ಷಗಳಾಚೆಗಿನದು; ಆ ನಕ್ಷತ್ರವನ್ನು ಇಂದಿಗೂ ಕರೆಯುವುದು ಟೈಕೊ ಪಟ್ಟಿಯ ಸಂಖ್ಯೆಯಿಂದಲೇ.