ಹ್ರಸ್ವದೃಷ್ಟಿಯ ಮೂಲವೂ ಪ್ರಾಣಿನೇತ್ರದ ಸಾಕ್ಷ್ಯವೂ

ಬೆಂಗಳೂರಿನ ಉತ್ತರಕ್ಕೆ ಯಲಹಂಕದ ಬಳಿಯಿರುವ ಪುಟ್ಟೇನಹಳ್ಳಿಯ ಕೆರೆಯು 2015ರಲ್ಲಿ ಪಕ್ಷಿಸಂರಕ್ಷಣೆಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇಂಥ ಕೆರೆಗಳಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆಯ ಕಣ್ಣು ವಿಚಾರಾರ್ಹವಾದುದು. ನೀರಿನೊಳಗೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಬೆಳಕನ್ನು ಬಾಗಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಹಕ್ಕಿಯು ತನ್ನ ಮಸೂರವನ್ನು ಸ್ನಾಯುಗಳಿಂದ ಹಿಂಡಿ ಆ ನಷ್ಟವನ್ನು ತುಂಬಿಕೊಳ್ಳುತ್ತದೆ. ಮನುಷ್ಯನಿಗೆ ಇದು ಅಸಾಧ್ಯ. ರಚನೆಯಲ್ಲಿಯೇ ಇಷ್ಟು ಭೇದವಿರುವಲ್ಲಿ, ಪ್ರಾಣಿಗಳ ಕಣ್ಣನ್ನು ಪರೀಕ್ಷಿಸಿ ಮನುಷ್ಯನ ಹ್ರಸ್ವದೃಷ್ಟಿಯ ಕಾರಣವನ್ನು ನಿರ್ಣಯಿಸಬಹುದೇ? ಮಕ್ಕಳಿಗೆ ಓದನ್ನು ವಿಧಿಸುವ ಉಪಾಧ್ಯಾಯವರ್ಗಕ್ಕೆ ಈ ಪ್ರಶ್ನೆಯು ಪರಕೀಯವಲ್ಲ.

ದೂರದ ವಸ್ತುವಿನಿಂದ ಬಂದ ಕಿರಣಗಳು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡುವುದು ಈ ದೋಷದ ಸ್ವರೂಪವೆಂದು ಕೆಪ್ಲರನು 1604ರಲ್ಲಿಯೇ ತಿಳಿಸಿದನು. 1867ರಲ್ಲಿ ಹರ್ಮನ್ ಕೋನ್ ಎಂಬ ವೈದ್ಯನು ಬ್ರೆಸ್ಲಾವ್ ಪ್ರಾಂತದ 10,060 ಶಾಲಾಮಕ್ಕಳನ್ನು ಪರೀಕ್ಷಿಸಿ, ತರಗತಿ ಏರಿದಂತೆ ದೋಷವೂ ಏರುವುದನ್ನು ಕಂಡನು. ಓದುವಾಗ ಮಸೂರವನ್ನು ಹೊಂದಿಸುವ ಸ್ನಾಯುವಿನ ಶ್ರಮದಿಂದ ಕಣ್ಣು ಉದ್ದವಾಗುವುದೆಂಬ ಮತವು ಬಹುಕಾಲ ನಿಂತಿತು.

1977ರಲ್ಲಿ ವೀಸೆಲ್ ಮತ್ತು ರವಿಯೋಲ ಎಂಬವರು ಮಂಗಗಳ ರೆಪ್ಪೆಗಳನ್ನು ಹೊಲಿದು ಮುಚ್ಚಿದಾಗ ಕಣ್ಣುಗುಡ್ಡೆಯು ನೀಳವಾಗಿ ಬೆಳೆದುದನ್ನು ಪ್ರಕಟಿಸಿದರು. ಕತ್ತಲೆಯಲ್ಲಿಟ್ಟ ಮಂಗಗಳಲ್ಲಿ ಹೀಗಾಗಲಿಲ್ಲ. ಆದಕಾರಣ ರೆಪ್ಪೆಯ ಒತ್ತಡವಲ್ಲ, ಮಸುಕಾದ ಬಿಂಬವೇ ಹೇತುವೆಂದಾಯಿತು. ಕೋಳಿಮರಿಗಳಲ್ಲಿ ದೃಷ್ಟಿನರವನ್ನು ಕತ್ತರಿಸಿದರೂ ಬಿಂಬ ಕೆಟ್ಟ ಕಣ್ಣು ಉದ್ದವಾಗಿಯೇ ಬೆಳೆಯಿತೆಂದು 1987ರಲ್ಲಿ ತಿಳಿದುಬಂದಿತು. ಅಂದಮೇಲೆ ಈ ಬೆಳವಣಿಗೆಗೆ ಮಿದುಳಿನ ಅಪ್ಪಣೆ ಬೇಕಿಲ್ಲ.

ನಮ್ಮ ಉಮ್ಮತ್ತಿಯ ಗಿಡದಲ್ಲಿಯೂ ಇರುವ ಅಟ್ರೋಪಿನ್ ಎಂಬ ದ್ರವ್ಯದ ವೃತ್ತಾಂತವು ಇದಕ್ಕಿಂತಲೂ ಸ್ವಾರಸ್ಯವಾದುದು. ಅದು ಮನುಷ್ಯನ ಕಣ್ಣಿನ ಹೊಂದಾಣಿಕೆಯ ಸ್ನಾಯುವನ್ನು ಸಡಿಲಿಸುತ್ತದೆ, ಮಕ್ಕಳ ದೋಷದ ವೇಗವನ್ನೂ ತಗ್ಗಿಸುತ್ತದೆ. ಆದುದರಿಂದ ಸ್ನಾಯುವಾದಕ್ಕೆ ಇದೇ ಪ್ರಮಾಣವೆಂದು ಎಣಿಸಿದವರುಂಟು. ಆದರೆ ಪಕ್ಷಿಯ ಆ ಸ್ನಾಯುವು ಬೇರೆ ಜಾತಿಯದು, ಅಟ್ರೋಪಿನ್ನಿಗೆ ಬಗ್ಗುವುದಿಲ್ಲ. ಹಾಗಿದ್ದೂ 1993ರ ಪ್ರಯೋಗದಲ್ಲಿ ಈ ದ್ರವ್ಯವು ಕೋಳಿಮರಿಗಳ ದೋಷವನ್ನು ತಡೆಯಿತು. ಯಾವ ಭೇದವನ್ನು ನಾವು ಆಕ್ಷೇಪವಾಗಿ ಎತ್ತಿದೆವೋ ಅದೇ ಇಲ್ಲಿ ಸಾಕ್ಷಿಯಾಗಿ ನಿಂತು, ಹಳೆಯ ಮತವನ್ನು ದುರ್ಬಲಗೊಳಿಸಿತು.

ಇಷ್ಟರಿಂದ ಎಲ್ಲವೂ ಸಿದ್ಧಿಸಿತೆನ್ನಲಾಗದು. 1985ರ ವರದಿಯಂತೆ ಅಟ್ರೋಪಿನ್ ಒಂದು ಜಾತಿಯ ಮಂಗಕ್ಕೆ ಫಲಿಸಿತು, ಇನ್ನೊಂದಕ್ಕೆ ಫಲಿಸಲಿಲ್ಲ, ಮಂಗಮಂಗಗಳಲ್ಲಿಯೇ ಐಕಮತ್ಯವಿಲ್ಲ! ಹುಟ್ಟಿನಿಂದ ರೆಪ್ಪೆ ಇಳಿಬಿದ್ದ ಶಿಶುಗಳಲ್ಲಿ ಇಂಥದೇ ದೋಷ ಕಂಡುಬಂದಿರುವುದು ನಿಜ. ಆದರೆ ಶಾಲೆಯ ಹುಡುಗನ ರೆಪ್ಪೆಯನ್ನು ಯಾರೂ ಹೊಲಿದಿಲ್ಲ. ಕಣ್ಣು ಹೇಗೆ ಉದ್ದವಾಗಬಲ್ಲದೆಂಬುದನ್ನು ಪ್ರಾಣಿಗಳು ತೋರಿಸಿವೆ. ಆ ಹುಡುಗನಲ್ಲಿ ಅದು ಏತಕ್ಕೆ ಆರಂಭವಾಗುವುದೆಂಬುದನ್ನು ತೋರಿಸಿಲ್ಲವೆಂದು ನಮ್ಮ ಅಭಿಪ್ರಾಯ.

ಬಯಲಿನ ಬೆಳಕಿನ ವಿಷಯದಲ್ಲಿ ಕ್ರಮವೇ ತಿರುಗುಮುರುಗಾಯಿತು. ಹೊರಗೆ ಹೆಚ್ಚು ಹೊತ್ತು ಇರುವ ಮಕ್ಕಳಲ್ಲಿ ದೋಷ ಕಡಮೆಯೆಂದು ಸಿಡ್ನಿಯ ವಿದ್ವಾಂಸರು 2008ರಲ್ಲಿ ವರದಿಮಾಡಿದ ತರುವಾಯ, ಪ್ರಖರ ಬೆಳಕಿನ ಪ್ರಯೋಗಗಳು ಕೋಳಿಮರಿಗಳ ಮೇಲೂ ಮಂಗಗಳ ಮೇಲೂ ನಡೆದುವು. 2015ರಲ್ಲಿ ಪ್ರಕಟವಾದ ಗ್ವಾಂಗ್‌ಜೌ ನಗರದ ಪರೀಕ್ಷೆಯಲ್ಲಿ, ಶಾಲೆಯ ದಿನಕ್ಕೆ 40 ನಿಮಿಷಗಳ ಹೊರಗಿನ ಚಟುವಟಿಕೆಯನ್ನು ಸೇರಿಸಿದ ಮಕ್ಕಳಲ್ಲಿ ಮೂರು ವರ್ಷಗಳಲ್ಲಿ ಹೊಸದಾಗಿ ದೋಷ ಬಂದವರು ನೂರಕ್ಕೆ 30.4, ಉಳಿದವರಲ್ಲಿ 39.5. ಮಂಗಗಳಲ್ಲಿಯಾದರೋ, ಮಸುಕು ತೆರೆಯಿಂದ ಹುಟ್ಟಿಸಿದ ದೋಷವನ್ನು ಪ್ರಖರ ಬೆಳಕು ತಡೆಯಿತು. ಕನ್ನಡಕದ ಗಾಜಿನಿಂದ ಹುಟ್ಟಿಸಿದುದನ್ನು ತಡೆಯಲಿಲ್ಲ.