ಚೂಡಿ ಹೊಂದದ ಸ್ಕ್ರೂ

ಕಿದ್ವಾಯಿ ನಗರದ ಹೆಸರು ರಫಿ ಅಹ್ಮದ್ ಕಿದ್ವಾಯಿಯವರದು. ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರು ಅವರು. ಅಂಚೆ, ತಂತಿ, ಟೆಲಿಫೋನುಗಳೆಲ್ಲ ಅವರ ಖಾತೆಗೆ ಸೇರಿದ್ದವು. ಈ ಸರ್ಕಾರಿ ಕಾಲೊನಿಯ ಪೂರ್ವ ಭಾಗದ ಹಳೆಯ ಕ್ವಾರ್ಟರ್ಸುಗಳನ್ನು ಕೆಡವಿ ಎನ್‌ಬಿಸಿಸಿ ಈಗ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಿದೆ. ಅಲ್ಲಿದ್ದ ನಮ್ಮ ಕಡೆಯ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ತಮ್ಮ ಹ್ಯಾಮ್ ರೇಡಿಯೊದ ಟೇಬಲ್ ಮೈಕನ್ನು ನನಗೆ ಕೊಟ್ಟರು. ಅಮೆರಿಕದಲ್ಲಿ ತಯಾರಾದದ್ದು. ದನಿ ಬರುತ್ತಿರಲಿಲ್ಲ. ತಳ ಬಿಚ್ಚೋಣವೆಂದರೆ ನಾಲ್ಕು ಸ್ಕ್ರೂಗಳಲ್ಲಿ ಒಂದಕ್ಕೆ ತಲೆಯೇ ಇಲ್ಲ. ಮುರಿದ ತುಂಡು ಮಾತ್ರ ಒಳಗೆ ಕಚ್ಚಿಕೊಂಡಿದೆ.

ತುಕ್ಕು ಅಂತ ಹೇಳಿಬಿಡುವುದು ಸುಲಭ. ಆದರೆ ಮಿಕ್ಕ ಮೂರು ಸಲೀಸಾಗಿ ಬಂದವು. ಇದೊಂದಕ್ಕೇ ಏನಾಯಿತು? ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಒಂದು ಕಾರ್ಖಾನೆಯ ಬೋಲ್ಟಿಗೆ ಇನ್ನೊಂದರ ನಟ್ಟು ಕೂರುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಸ್ಕ್ರೂವಿನ ಥ್ರೆಡ್‌ಗೆ 55 ಡಿಗ್ರಿ ಕೋನ ಗೊತ್ತುಮಾಡಿದ. (ಥ್ರೆಡ್‌ಗೆ ದಿಲ್ಲಿಯ ಮಿಸ್ತ್ರಿಗಳು ‘ಚೂಡಿ’ ಅನ್ನುತ್ತಾರೆ, ಅಂದರೆ ಬಳೆ. ಎಷ್ಟು ಚೆಂದದ ಮಾತು!) 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್, 60 ಡಿಗ್ರಿಯಾದರೆ ಕೊರೆಯುವುದು ಸುಲಭ ಎಂದ. ಸೂಕ್ಷ್ಮ ಉಪಕರಣಗಳ ಸಣ್ಣ ಸ್ಕ್ರೂಗಳಿಗೆ 1884ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಇನ್ನೊಂದು ಅಳತೆ ಸೂಚಿಸಿತು: 47.5 ಡಿಗ್ರಿ, ಅದೂ ಅಂಗುಲದ ನಾಡಿನಲ್ಲಿ ಮಿಲಿಮೀಟರ್ ಲೆಕ್ಕ. ಇದೇ ಬಿ.ಎ. ಸ್ಕ್ರೂ. ಬ್ರಿಟಿಷರ ರೇಡಿಯೊ, ಟೆಲಿಫೋನುಗಳ ಜೊತೆ ನಮ್ಮಲ್ಲಿಗೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಒಬ್ಬರ ಯಂತ್ರಕ್ಕೆ ಇನ್ನೊಬ್ಬರ ಸ್ಕ್ರೂ ಹೊಂದದೆ ಪಾಡುಪಟ್ಟ ಬ್ರಿಟನ್, ಅಮೆರಿಕ, ಕೆನಡಾಗಳು 1948ರ ನವೆಂಬರಿನಲ್ಲಿ ಒಂದು ಒಪ್ಪಂದಕ್ಕೆ ಬಂದವು. ನಾವು 1956ರ ಕಾನೂನಿನಿಂದ ಮೆಟ್ರಿಕ್‌ಗೆ ತಿರುಗಿದೆವು. ಕಾನೂನು ಬದಲಾದರೂ ಮಿಸ್ತ್ರಿಯ ಡಬ್ಬಿಯಲ್ಲಿರುವ ಸ್ಕ್ರೂಗಳು ಬದಲಾಗುವುದಿಲ್ಲವಲ್ಲ.

ತೊಂದರೆ ಇರುವುದು ಇಲ್ಲಿ. ಅಮೆರಿಕದ 6-32 ಸ್ಕ್ರೂ 3.5 ಮಿ.ಮೀ. ದಪ್ಪ, ಬ್ರಿಟಿಷ್ 4 ಬಿ.ಎ. 3.6. ಕಣ್ಣಿಗೆ ಎರಡೂ ಒಂದೇ. ಚೂಡಿಯಿಂದ ಚೂಡಿಗೆ ಅಂತರ ಮಾತ್ರ ಒಂದರಲ್ಲಿ 0.79, ಇನ್ನೊಂದರಲ್ಲಿ 0.66. ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಬಲ ಹಾಕಿದರೆ ತಲೆ ಹಾರುತ್ತದೆ.

ಮುರಿದದ್ದನ್ನು ತೆಗೆಯಲು ಗಡಿಯಾರ ರಿಪೇರಿಯವರದೊಂದು ಹಳೆಯ ಉಪಾಯವಿದೆ: ಪಟಿಕದ ಬೆಚ್ಚಗಿನ ನೀರಿನಲ್ಲಿ ಮುಳುಗಿಸಿಟ್ಟರೆ ಉಕ್ಕಿನ ಸ್ಕ್ರೂ ನಿಧಾನವಾಗಿ ಕರಗಿಹೋಗುತ್ತದೆ, ಹಿತ್ತಾಳೆ ಉಳಿಯುತ್ತದೆ. ಇಲ್ಲಿ ಸ್ಕ್ರೂ ಕೂತಿದ್ದದ್ದು ಹಿತ್ತಾಳೆ ಬುಷ್‌ನಲ್ಲೇ. ಆದರೆ ಸುತ್ತ ಇರುವ ತಳ ಸತುವಿನ ಎರಕ. ಪಟಿಕ ಅದನ್ನೂ ತಿನ್ನುತ್ತದೆ. ಕಾಯಿಸುವುದಕ್ಕೂ ಭಯ, ಏಕೆಂದರೆ ಇದು ರೋಶೆಲ್ ಸಾಲ್ಟಿನ ಹರಳಿರುವ ಮೈಕು. 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹರಳು ಕೆಟ್ಟುಹೋಗುತ್ತದೆ. ದಿಲ್ಲಿಯ ಜೂನ್ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಇಂಥ ಮೈಕು ಬಿಡಬಾರದು.

ಹಾಗಾಗಿ ಮೈಕಿನ ತಲೆ ಬಿಚ್ಚಿ ದೂರ ಇಟ್ಟೆ. ಮುರಿದ ತುಂಡಿನ ನಡುವೆ ಪಂಚ್ ಹೊಡೆದು, ಕೈಯಲ್ಲೇ ತಿರುಗಿಸುವ ಡ್ರಿಲ್‌ನಿಂದ 1.6 ಮಿ.ಮೀ. ತೂತು ಕೊರೆದೆ. ಅವಸರ ಮಾಡಿದರೆ ಬಿಟ್ ಪಕ್ಕಕ್ಕೆ ಸರಿದು ಮೆದು ಹಿತ್ತಾಳೆಯನ್ನು ತಿಂದುಬಿಡುತ್ತದೆ, ಮೂಲ ಚೂಡಿ ಹೋದಂತೆಯೇ. ಆ ತೂತಿಗೆ ಸಣ್ಣ ಟಾರ್ಕ್ಸ್ ಬಿಟ್ಟನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿ ಎಡಕ್ಕೆ ತಿರುಗಿಸಿದರೆ ತುಂಡು ಹೊರಗೆ ಬಂತು. ಅಳೆದು ನೋಡಿದರೆ 4 ಬಿ.ಎ. ಉಳಿದ ಮೂರೂ 6-32.

ಎಂದೋ ಯಾರೋ ಮೂಲ ಸ್ಕ್ರೂ ಕಳೆದಾಗ ಕೈಗೆ ಸಿಕ್ಕಿದ್ದನ್ನು ಒತ್ತಿ ಹಾಕಿದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಅಮೆರಿಕದ ಒಂದು ಸ್ಕ್ರೂಗೆ ಆಗ ಎಲ್ಲಿ ಹೋಗಬೇಕಿತ್ತು?

ದನಿ ಬರದಿದ್ದದ್ದು ತಳದೊಳಗೆ ಬೆಸುಗೆ ಬಿಟ್ಟ ಒಂದು ತಂತಿಯಿಂದ. ಅದು ಐದು ನಿಮಿಷದ ಕೆಲಸ. ಇನ್ನು ಹೊಸ ಸ್ಕ್ರೂ. ಕಂಪ್ಯೂಟರಿನ ಕ್ಯಾಬಿನೆಟ್ಟಿಗೂ ಹಾರ್ಡ್ ಡಿಸ್ಕಿಗೂ ಇವತ್ತಿಗೂ ಹಾಕುವುದು ಅದೇ 6-32. ಬುಷ್‌ನ ಚೂಡಿಯನ್ನು ಟ್ಯಾಪ್ ಹಾಕಿ ಸರಿಮಾಡಿಕೊಂಡು, ನೆಹರೂ ಪ್ಲೇಸಿನ ಗುಜರಿ ಅಂಗಡಿಯಲ್ಲಿ ಒಂದು ಸತ್ತ ಹಾರ್ಡ್ ಡಿಸ್ಕಿನಿಂದ ಬಿಚ್ಚಿಸಿಕೊಂಡು ಬಂದೆ. ಬೆರಳಲ್ಲೇ ತಿರುಗಿಸಿದೆ, ತಳದವರೆಗೂ ಹೋಯಿತು.