ಅದಿರಿನಿಂದ ಶುರುವಾಗುವ ಲಿನಕ್ಸ್

1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗ ಕೆಮ್ಮಣ್ಣುಗುಂಡಿಯ ಅದಿರಿಗೆ ಮಲೆನಾಡಿನ ಮರದ ಇದ್ದಿಲೇ ಉರುವಲು. ಜೆಂಟೂ ಲಿನಕ್ಸ್ ಕೂಡ ಅದಿರು ಕೊಡುವ ಜಾತಿಯದು: ಮೂಲಸಂಕೇತ ಅವರದು, ಕರಗಿಸುವ ಕೆಲಸ ನಮ್ಮ ಲ್ಯಾಪ್‌ಟಾಪಿನದು. ಡೇನಿಯಲ್ ರಾಬಿನ್ಸ್ ಅದರ 1.0 ಆವೃತ್ತಿ ತಂದದ್ದು 2002ರಲ್ಲಿ. ಶಿವಮೊಗ್ಗದ ಬಾಡಿಗೆ ರೂಮಿನಲ್ಲಿ ನಾವು ಮೊದಲ ಸಲ ಹಾಕಿಕೊಂಡಾಗ ಕಂಪೈಲ್ ಮುಗಿಯುವಷ್ಟರಲ್ಲಿ ಬೆಳಗಾಗಿತ್ತು.

ಇದರಲ್ಲಿ ಕೇಳದೆ ಏನೂ ಬರುವುದಿಲ್ಲ, ಕನ್ನಡವೂ. ಮೊದಲು ತೆರೆದ ಸುದ್ದಿಯ ತುಂಬ ಬರೀ ಚೌಕಗಳು.

ಲಿನಕ್ಸ್ ಹುಟ್ಟಿದ 1991ರಲ್ಲೇ ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಜಾಗ ಸಿಕ್ಕರೆ ಸಾಕೇ? ಅಕ್ಷರರೂಪ ಬೇಕು, ಕೀಲಿಮಣೆ ಬೇಕು. ಅಕ್ಷರರೂಪಕ್ಕೆ ರೆಡ್ ಹ್ಯಾಟ್ ಮುಕ್ತವಾಗಿ ಬಿಟ್ಟ ಲೋಹಿತ್ ಹಾಕಿದೆವು. (ಲೋಹಿತ ಎಂದರೆ ಕೆಂಪು, ಹೆಸರಿಟ್ಟವರು ಜಾಣರು.) ಕೀಲಿಮಣೆಯ ಪಟ್ಟಿಯಲ್ಲಿ 'ಕಗಪ' ಕಂಡಾಗ ಊರವರೇ ಸಿಕ್ಕಂತಾಯಿತು: ಕನ್ನಡ ಗಣಕ ಪರಿಷತ್ತಿನ ಹೆಸರು, ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ನುಡಿಯಲ್ಲಿ ಪಳಗಿದ ನಮ್ಮ ಬೆರಳುಗಳು ಹೊಸದೇನೂ ಕಲಿಯಬೇಕಾಗಲಿಲ್ಲ.

ಬೆರಳಿಗೆ ಸುಲಭವಾದದ್ದು ಹಳೆಯ ಫೈಲುಗಳಿಗೆ ಸುಲಭವಾಗಲಿಲ್ಲ. ಯೂನಿಕೋಡ್‌ಗೆ ಮೊದಲಿನ ನುಡಿ ಅಕ್ಷರಗಳಲ್ಲಿ ಟೈಪಿಸಿದ ವರದಿಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದವು. ಅರವಿಂದ ವಿ.ಕೆ. ಬರೆದ ಮುಕ್ತ ಪರಿವರ್ತಕಕ್ಕೆ ಒಂದೊಂದನ್ನೇ ಕೊಡುತ್ತಿದ್ದೇವೆ. ಭದ್ರಾವತಿ ಕಾಗದ ಕಾರ್ಖಾನೆಯ ಕಾರ್ಮಿಕರ ಮಾತುಗಳು ಮೊದಲು ಓದಲು ಬಂದವು. ಒತ್ತಕ್ಷರಗಳನ್ನು ಕೈಯಿಂದ ತಿದ್ದುವುದು ಇನ್ನೂ ಬಾಕಿಯಿದೆ.